ಎದುರು ಬರುವವರಿಗೊಂದು ದೀಪ

ಕಬ್ಬು ಅರೆಯುವ ಹಂಗಾಮು ಶುರುವಾಯಿತೆಂದರೆ ನಮ್ಮ ಮಂಡ್ಯದ ಕಡೆ ರಾತ್ರಿ ಬೈಕ್ ಓಡಿಸುವುದೇ ಒಂದು ಭಯ. ಕಬ್ಬು ಹೇರಿಕೊಂಡ ಟ್ರ್ಯಾಕ್ಟರ್ ಮುಂದೆ ಹೋಗುತ್ತಿರುತ್ತದೆ. ಎಷ್ಟೋ ಟ್ರೇಲರುಗಳ ಹಿಂಬದಿಗೆ ಒಂದು ಕೆಂಪು ದೀಪವಿಲ್ಲ, ಹೊಳೆಯುವ ಸ್ಟಿಕ್ಕರ್ ಕೂಡ ಇಲ್ಲ. ಓಡಿಸುವವನಿಗೆ ಇದರಿಂದ ಯಾವ ಅಡಚಣೆಯೂ ಆಗುವುದಿಲ್ಲ. ಅವನ ಹೆಡ್‌ಲೈಟ್ ಉರಿಯುತ್ತಿದೆ, ದಾರಿ ಕಾಣುತ್ತಿದೆ. ಪ್ರಾಣ ಹೋಗುವುದು ಹಿಂದಿನಿಂದ ಬಂದವನದು. ಮೊದಲೆಲ್ಲ ಎತ್ತಿನ ಗಾಡಿಯವರು ಅಚ್ಚಿನ ಕೆಳಗೆ ಲಾಟೀನು ತೂಗುಹಾಕುತ್ತಿದ್ದರು. ಎತ್ತುಗಳಿಗೆ ಊರ ದಾರಿ ಗೊತ್ತಿತ್ತು, ಗಾಡಿಯವನು ಎಷ್ಟೋ ಸಲ ಹುಲ್ಲಿನ ಮೇಲೆ ನಿದ್ದೆ ಹೋಗಿರುತ್ತಿದ್ದ. ಆ ಲಾಟೀನು ಇದ್ದದ್ದು ಲಾರಿಯವನ ಕಣ್ಣಿಗೆ.

ಡ್ರೋನಿಗೆ ಸ್ಟ್ರೋಬ್ ಲೈಟ್, ಅಂದರೆ ಮಿನುಗುವ ದೀಪ, ಕಟ್ಟುವ ವಿಷಯ ಯಾರು ಕೇಳಿದರೂ ನಾನು ಈ ಲಾಟೀನಿನಿಂದಲೇ ಮಾತು ಶುರು ಮಾಡುತ್ತೇನೆ. ಮದುವೆ, ಜಾತ್ರೆ ಚಿತ್ರೀಕರಿಸುವ ಹುಡುಗರು ಕೇಳುವುದು ಸಾಮಾನ್ಯವಾಗಿ ಹೀಗೆ: “ಸಾರ್, ಯಾವ ಲೈಟ್ ಹಾಕಿದ್ರೆ ರಾತ್ರಿ ಹೊತ್ತು ಡ್ರೋನ್ ನಮಗೆ ಚೆನ್ನಾಗಿ ಕಾಣುತ್ತೆ?” ನಮಗೆ ಕಾಣುವುದು ಬೇಕು, ನಿಜ. ಆದರೆ ಹತ್ತಿರದಲ್ಲೇ ಹಾರಿಸುವವರಿಗೆ ಡ್ರೋನಿನ ತೋಳುಗಳಲ್ಲಿರುವ ಪುಟ್ಟ ಎಲ್‌ಇಡಿಗಳೇ ಬಹುಮಟ್ಟಿಗೆ ಸಾಕು. ಸ್ಟ್ರೋಬ್ ಬೇಕಾಗಿರುವುದು ಅದೇ ಆಕಾಶದಲ್ಲಿ ಬರುತ್ತಿರುವ, ನೀವಿದ್ದೀರೆಂದೇ ಗೊತ್ತಿಲ್ಲದ ಇನ್ನೊಬ್ಬರಿಗೆ. ಎಲ್ಲಿ ಕಟ್ಟಬೇಕು, ಎಷ್ಟು ಪ್ರಖರವಾಗಿರಬೇಕು, ಬೆಳಕು ಯಾವ ದಿಕ್ಕಿಗೆ ಹೋಗಬೇಕು ಎಂಬ ಎಲ್ಲ ಪ್ರಶ್ನೆಗಳಿಗೂ ಉತ್ತರ ಹುಟ್ಟುವುದು ಅಲ್ಲಿಂದ.

2017ರ ಸೆಪ್ಟೆಂಬರ್ 21ರ ಸಂಜೆ 7.20ರ ಸುಮಾರಿಗೆ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಬಳಿ ಅಮೆರಿಕದ ಸೇನೆಯ ಒಂದು ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ಹಾರುತ್ತಿತ್ತು. ಎತ್ತರ ಸುಮಾರು 300 ಅಡಿ. ಸೂರ್ಯ ಮುಳುಗಿ ಕತ್ತಲು ಇಳಿಯುತ್ತಿದ್ದ ಹೊತ್ತು. ಒಂದು ಫ್ಯಾಂಟಮ್ 4 ಡ್ರೋನ್ ಅದಕ್ಕೆ ಬಡಿಯಿತು. ಹೆಲಿಕಾಪ್ಟರಿನ ರೋಟರ್ ಅಲಗಿನ ಮೇಲೆ ಒಂದೂವರೆ ಅಂಗುಲದ ತಗ್ಗು ಬಿತ್ತು. ಅದೃಷ್ಟಕ್ಕೆ ಅದು ಸುರಕ್ಷಿತವಾಗಿ ಇಳಿಯಿತು. ಡ್ರೋನಿನ ಒಂದು ಮೋಟಾರು ಮತ್ತು ತೋಳಿನ ತುಂಡು ಹೆಲಿಕಾಪ್ಟರಿನಲ್ಲೇ ಸಿಕ್ಕಿಕೊಂಡಿತ್ತು. ಆ ಮೋಟಾರಿನ ಮೇಲಿದ್ದ ಸಂಖ್ಯೆ ಹಿಡಿದು ತನಿಖೆಯವರು ಮಾಲೀಕನ ಮನೆ ತಲುಪಿದರು. ಅವನು ನಿಂತಿದ್ದದ್ದು ಡ್ರೋನಿನಿಂದ ಎರಡೂವರೆ ಮೈಲಿ ದೂರದಲ್ಲಿ. ಡ್ರೋನ್ ಅವನ ಕಣ್ಣಿಗೆ ಕಾಣುತ್ತಿರಲಿಲ್ಲ, ಹೆಲಿಕಾಪ್ಟರೂ ಕಾಣಲಿಲ್ಲ. ತನಿಖೆಯವರು ಸಂಪರ್ಕಿಸುವವರೆಗೆ ಡಿಕ್ಕಿಯಾದದ್ದೇ ಅವನಿಗೆ ತಿಳಿದಿರಲಿಲ್ಲ. ಕಣ್ಣಳತೆ ಮೀರಿ ಬೇಕೆಂದೇ ಹಾರಿಸಿದ್ದೇ ಕಾರಣ ಎಂದು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ ವರದಿ ಕೊಟ್ಟಿತು.

ಆ ಕಾಲಕ್ಕೆ ಅಮೆರಿಕದಲ್ಲಿ ವೃತ್ತಿಗಾಗಿ ಡ್ರೋನ್ ಹಾರಿಸುವವರು ರಾತ್ರಿ ಹಾರಬೇಕಾದರೆ ಪ್ರತ್ಯೇಕ ವಿನಾಯಿತಿ ಪಡೆಯಬೇಕಿತ್ತು. 2021ರ ಏಪ್ರಿಲ್ 21ರಿಂದ ಆ ನಿಯಮ ಸಡಿಲವಾಯಿತು. ಹೊಸ ತರಬೇತಿ ಮುಗಿಸಿರಬೇಕು, ಮತ್ತು ಡ್ರೋನಿನ ಮೇಲೆ ಕನಿಷ್ಠ 3 ಮೈಲಿ, ಅಂದರೆ 4.8 ಕಿ.ಮೀ. ದೂರದಿಂದ ಕಾಣುವ ಮಿನುಗು ದೀಪ ಉರಿಯುತ್ತಿರಬೇಕು. ಸುರಕ್ಷತೆಗೆ ಅಗತ್ಯವೆನಿಸಿದರೆ ಬೆಳಕನ್ನು ತಗ್ಗಿಸಬಹುದು, ಆರಿಸುವಂತಿಲ್ಲ. ಸೂರ್ಯೋದಯದ ಮುಂಚಿನ ಮತ್ತು ಸೂರ್ಯಾಸ್ತದ ನಂತರದ ಅರ್ಧ ಗಂಟೆಯ ಮಬ್ಬಿನಲ್ಲೂ ದೀಪ ಬೇಕು. ಬಣ್ಣ ಇಂಥದ್ದೇ ಎಂದು ಅವರು ಹೇಳಿಲ್ಲ. ಯುರೋಪಿನವರು ಹೇಳಿದ್ದಾರೆ: 2022ರ ಜುಲೈ 1ರಿಂದ ಅಲ್ಲಿ ರಾತ್ರಿ ಹಾರುವ ಡ್ರೋನಿನಲ್ಲಿ ಹಸಿರು ದೀಪ ಮಿನುಗಬೇಕು. ವಿಮಾನದ ಮಿನುಗು ದೀಪ ಬಿಳಿ ಅಥವಾ ಕೆಂಪು. ಹಸಿರು ಮಿನುಗಿದರೆ ಅದು ಡ್ರೋನ್ ಎಂದು ನೆಲದ ಮೇಲಿನವರಿಗೂ ಮೇಲಿನವರಿಗೂ ತಕ್ಷಣ ಗೊತ್ತಾಗುತ್ತದೆ. ನನ್ನ ಮಟ್ಟಿಗೆ ಇದು ಹೆಚ್ಚು ಬುದ್ಧಿವಂತಿಕೆಯ ನಿಯಮ.

ನಮ್ಮ ದೇಶದಲ್ಲಿ 2018ರ ಡಿಸೆಂಬರ್ 1ರಿಂದ ಜಾರಿಗೆ ಬಂದ ಮೊದಲ ನಿಯಮಾವಳಿ ಹಾರಾಟವನ್ನು ಹಗಲಿಗೇ ಸೀಮಿತಗೊಳಿಸಿತ್ತು. ಆದರೂ ಡ್ರೋನಿನಲ್ಲಿ ಇರಲೇಬೇಕಾದ ಸಲಕರಣೆಗಳ ಪಟ್ಟಿಯಲ್ಲಿ ಮಿನುಗುವ ಸ್ಟ್ರೋಬ್ ದೀಪವನ್ನೂ ಸೇರಿಸಿತ್ತು. ಹಗಲಲ್ಲೂ ದೀಪ ಬೇಕೆಂದ ಆ ಮುಂಜಾಗ್ರತೆ ನನಗೆ ಇಷ್ಟವಾಗಿತ್ತು. 2021ರ ಆಗಸ್ಟ್ 25ರಂದು ಬಂದ ಡ್ರೋನ್ ನಿಯಮಗಳು ಕಾಗದ ಪತ್ರದ ಹೊರೆಯನ್ನು ತುಂಬಾ ಇಳಿಸಿದವು. ಈಗ ಹಾರಿಸುವವರು ಮೊದಲು ವಾಯುಪ್ರದೇಶದ ನಕ್ಷೆ ತೆರೆದು ತಮ್ಮ ಜಾಗ ಹಸಿರು, ಹಳದಿ, ಕೆಂಪು ಯಾವ ವಲಯದಲ್ಲಿದೆ ಎಂದು ನೋಡಬೇಕು. ರಾತ್ರಿಯ ಕಾರ್ಯಕ್ರಮವಾದರೆ ಸ್ಥಳೀಯ ಪೊಲೀಸ್ ಠಾಣೆಯಲ್ಲಿ ಕೇಳಿ ಒಪ್ಪಿಗೆ ಪಡೆದುಕೊಳ್ಳಿ. ಕತ್ತಲಲ್ಲಿ ಮನೆ ಮೇಲೆ ಏನೋ ಮಿನುಗುತ್ತ ಹಾರಿದರೆ ಊರಿನ ಜನ ಹೆದರುವುದು ಸಹಜ.

ದೀಪದ ಅಳತೆಗೆ ಬರೋಣ. ಗಂಟೆಗೆ 200 ಕಿ.ಮೀ. ವೇಗದಲ್ಲಿ ಬರುವ ಹೆಲಿಕಾಪ್ಟರ್ ಒಂದು ಸೆಕೆಂಡಿಗೆ 55 ಮೀಟರ್ ದಾಟುತ್ತದೆ. ಎದುರಿಗೆ ಏನೋ ಇದೆ ಎಂದು ಕಾಣುವುದು, ಅದು ಏನೆಂದು ಗುರುತಿಸುವುದು, ಡಿಕ್ಕಿಯಾಗುತ್ತದೆಂದು ಅರಿಯುವುದು, ತಿರುಗಿಸಲು ತೀರ್ಮಾನಿಸುವುದು, ಕೈ ಆಡಿಸುವುದು, ಯಂತ್ರ ತಿರುಗುವುದು ಇವೆಲ್ಲಕ್ಕೂ ಸೇರಿ ಒಟ್ಟು ಹನ್ನೆರಡೂವರೆ ಸೆಕೆಂಡು ಬೇಕೆಂದು ಅಮೆರಿಕದ ವಿಮಾನಯಾನ ಇಲಾಖೆ ಪೈಲಟ್‌ಗಳಿಗೆ ಹೇಳಿಕೊಡುತ್ತದೆ. ಅಷ್ಟರಲ್ಲಿ ಹೆಲಿಕಾಪ್ಟರ್ ಸುಮಾರು 700 ಮೀಟರ್ ಬಂದಾಗಿರುತ್ತದೆ. ಒಂದಡಿ ಅಗಲದ ಡ್ರೋನ್ ಹಗಲಲ್ಲೇ ಅಷ್ಟು ದೂರದಿಂದ ಕಾಣುವುದು ಕಷ್ಟ. 4.8 ಕಿ.ಮೀ.ನಿಂದ ದೀಪ ಕಂಡರೆ ಪೈಲಟ್‌ಗೆ ಸುಮಾರು ಒಂದೂಕಾಲು ನಿಮಿಷದ ಬಿಡುವು ಸಿಗುತ್ತದೆ.

ಅಷ್ಟು ದೂರ ಕಾಣಲು ಭಾರೀ ಬೆಳಕೇ ಬೇಕು ಎಂದುಕೊಳ್ಳುತ್ತೇವೆ. ಸಮುದ್ರದ ದೀಪಸ್ತಂಭಗಳ ಲೆಕ್ಕ ಹಾಕುವವರ ಸೂತ್ರ ಹಿಡಿದು ನೋಡಿದರೆ ಅಚ್ಚರಿಯಾಗುತ್ತದೆ. ನಿರ್ಮಲವಾದ ಗಾಳಿ, ಸುತ್ತ ಬೇರೆ ಬೆಳಕೇ ಇಲ್ಲದ ಕಗ್ಗತ್ತಲೆ ಇದ್ದರೆ 4.8 ಕಿ.ಮೀ.ನಿಂದ ಕಾಣಲು ಸುಮಾರು 5 ಕ್ಯಾಂಡೆಲಾ ಸಾಕು. ಒಂದು ಮೇಣದಬತ್ತಿಯ ಬೆಳಕು ಹೆಚ್ಚುಕಡಿಮೆ ಒಂದು ಕ್ಯಾಂಡೆಲಾ. ಅಂದರೆ ಐದು ಮೇಣದಬತ್ತಿ! ಹಿನ್ನೆಲೆಯಲ್ಲಿ ಒಂದಿಷ್ಟು ಬೀದಿದೀಪಗಳಿದ್ದರೆ ಇದರ ಹತ್ತು ಪಟ್ಟು ಬೇಕು, ನಗರದ ಝಗಮಗವಿದ್ದರೆ ನೂರು ಪಟ್ಟು. ಊರ ಹೊರಗಿನ ಗದ್ದೆಯ ಮೇಲೆ ಎದ್ದು ಕಾಣುವ ದೀಪವೇ ಬೆಂಗಳೂರಿನ ಕಲ್ಯಾಣ ಮಂಟಪವೊಂದರ ಮೇಲೆ ಕಳೆದುಹೋಗುವುದು ಇದಕ್ಕೇ.

ಇನ್ನೊಂದು ಸೂಕ್ಷ್ಮವಿದೆ. ಕ್ಷಣಕಾಲ ಮಿಂಚಿ ಆರುವ ಬೆಳಕು ಅದೇ ಪ್ರಖರತೆಯ ನಿಂತ ದೀಪದಷ್ಟು ದೂರ ಕಾಣುವುದಿಲ್ಲ. ಇದನ್ನು ಫ್ರಾನ್ಸಿನ ಬ್ಲಾಂಡೆಲ್ ಮತ್ತು ರೇ 1911ರಲ್ಲೇ ಅಳೆದು ಸೂತ್ರ ಕೊಟ್ಟಿದ್ದಾರೆ. ಸೆಕೆಂಡಿನ ಹತ್ತನೇ ಒಂದು ಭಾಗ ಮಿಂಚುವ ದೀಪದ ಮೂರನೇ ಒಂದು ಪಾಲು ಮಾತ್ರ ಕಣ್ಣಿಗೆ ದಕ್ಕುತ್ತದೆ. ಇಪ್ಪತ್ತನೇ ಒಂದು ಭಾಗವಾದರೆ ಐದನೇ ಒಂದು ಪಾಲು. ಹಾಗಿದ್ದ ಮೇಲೆ ಮಿನುಗಿಸುವುದೇಕೆ? ಆಕಾಶದಲ್ಲಿ ನಕ್ಷತ್ರಗಳಿವೆ, ನೆಲದ ಮೇಲೆ ಸಾವಿರ ಬಲ್ಬುಗಳಿವೆ. ನಿಂತ ದೀಪ ಅವುಗಳಲ್ಲಿ ಒಂದಾಗಿ ಬೆರೆತುಹೋಗುತ್ತದೆ. ಆರಿ ಹೊತ್ತುವುದು ಕಣ್ಣಂಚಿನಲ್ಲಿದ್ದರೂ ಮನಸ್ಸನ್ನು ಹಿಡಿದು ಎಳೆಯುತ್ತದೆ. ದೊಡ್ಡ ವಿಮಾನಗಳ ದೀಪ ನಿಮಿಷಕ್ಕೆ 40ರಿಂದ 100 ಸಲ ಮಿನುಗಬೇಕೆಂದು ಅಮೆರಿಕದ ನಿಯಮವಿದೆ. ಡ್ರೋನಿಗೂ ಅದೇ ಲಯ ಒಳ್ಳೆಯದು. ಡಿಜೆ ಪಾರ್ಟಿಯ ಹಾಗೆ ಪಟಪಟ ಹೊಡೆಯುವ ದೀಪಗಳನ್ನು ಕೆಲವರು ಕಟ್ಟುತ್ತಾರೆ. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಸಲ ಹೊಡೆಯುವ ಪ್ರಖರ ಬೆಳಕು ಮೂರ್ಛೆರೋಗ ಇರುವ ಕೆಲವರಿಗೆ ಅಪಾಯಕಾರಿ. ಕೆಳಗೆ ಮದುವೆ ಮನೆ ತುಂಬ ಜನರಿರುತ್ತಾರೆ ಎಂಬುದು ನೆನಪಿರಲಿ.

ವಿಮಾನದ ದೀಪಗಳ ಆ ನಿಯಮದ ಇನ್ನೊಂದು ಅಂಶ ಹೆಚ್ಚಿನವರ ಗಮನಕ್ಕೇ ಬರುವುದಿಲ್ಲ. ವಿಮಾನದ ಸ್ಟ್ರೋಬ್ ದಿಗಂತದ ಮಟ್ಟದಲ್ಲಿ, ಅದರಿಂದ ಮೇಲಕ್ಕೂ ಕೆಳಕ್ಕೂ ಐದು ಡಿಗ್ರಿಯೊಳಗೆ ಅತಿ ಪ್ರಖರವಾಗಿರಬೇಕು, ಅಲ್ಲಿ ಕನಿಷ್ಠ 400 ಕ್ಯಾಂಡೆಲಾ. ಏಕೆಂದು ಲೆಕ್ಕ ಹಾಕಿ ನೋಡಿ. ನಿಮ್ಮ ಡ್ರೋನಿಗಿಂತ 100 ಮೀಟರ್ ಮೇಲೆ ಒಂದು ಹೆಲಿಕಾಪ್ಟರ್ 4.8 ಕಿ.ಮೀ. ದೂರದಲ್ಲಿದೆ. ಅಲ್ಲಿಂದ ನೋಡುವವರಿಗೆ ನಿಮ್ಮ ಡ್ರೋನ್ ಇರುವುದು ಒಂದು ಡಿಗ್ರಿಗಿಂತ ತುಸು ಹೆಚ್ಚು ಕೆಳಗೆ, ಹೆಚ್ಚುಕಡಿಮೆ ಕಣ್ಣಿನ ನೇರಕ್ಕೇ. ಆಕಾಶಕ್ಕೆ ಮುಖ ಮಾಡಿದ ದೀಪದ ಬೆಳಕು ಅವರನ್ನು ತಲುಪುವುದೇ ಇಲ್ಲ. ಮೇಲಕ್ಕೆ ಕಟ್ಟಬೇಕು, ಆದರೆ ಬೆಳಕು ಪಕ್ಕಕ್ಕೆ ಚೆಲ್ಲಬೇಕು. ದೀಪದ ಕಣ್ಣು ಡ್ರೋನಿನ ಬೆನ್ನಿಗಿಂತ ಒಂದಿಷ್ಟು ಎತ್ತರದಲ್ಲಿರಬೇಕು, ಇಲ್ಲವಾದರೆ ದೇಹವೇ ಅಡ್ಡ ಬರುತ್ತದೆ. ಕೊಳ್ಳುವಾಗ ಸುತ್ತಲೂ ಎಲ್‌ಇಡಿ ಇರುವುದನ್ನು ಆರಿಸಿ. ಟಾರ್ಚಿನ ಹಾಗೆ ಒಂದೇ ಕಡೆ ಬೆಳಕು ಬೀರುವ ಮಸೂರದ ದೀಪ ಎಷ್ಟೇ ಕಣ್ಣು ಕುಕ್ಕಿದರೂ ಈ ಕೆಲಸಕ್ಕೆ ಬಾರದು. ಹೊಟ್ಟೆಯಡಿ ಇನ್ನೊಂದು ಸಣ್ಣ ದೀಪವಿದ್ದರೆ ನೆಲದಲ್ಲಿ ನಿಂತ ನಿಮಗೆ ಅನುಕೂಲ. ಒಂದನ್ನೇ ಕಟ್ಟುವುದಾದರೆ ಬೆನ್ನ ಮೇಲೆ ಕಟ್ಟಿ.

ನಾನು ಮೊದಲ ಸಲ ಉಲ್ಟಾ ಮಾಡಿದ್ದೆ. ನನಗೆ ಕಾಣಲಿ ಎಂದು ಹೊಟ್ಟೆಯಡಿ ಡಬಲ್ ಸೈಡ್ ಟೇಪ್ ಹಾಕಿ ಅಂಟಿಸಿದೆ. ಕಣದಿಂದ ಮೇಲೆದ್ದ ಡ್ರೋನ್ ಆಕಾಶದಲ್ಲಿ ಚೆನ್ನಾಗಿಯೇ ಇತ್ತು. ಇಳಿಸುವಾಗ ತೊಂದರೆ ಶುರುವಾಯಿತು. ನೆಲಕ್ಕೆ ಎರಡು ಆಳು ಎತ್ತರದಲ್ಲಿ ನಿಂತುಕೊಂಡು ಅತ್ತ ಇತ್ತ ತೂರಾಡತೊಡಗಿತು. ಕೊನೆಗೆ ಜಾರಿ ಹೋಗಿ ತೆಂಗಿನ ಗರಿಗೆ ಸಿಕ್ಕಿ ಬಿತ್ತು. ಕಾರಣ ಆಮೇಲೆ ತಿಳಿಯಿತು. ಡ್ರೋನಿನ ಹೊಟ್ಟೆಯಡಿ ನೆಲ ನೋಡುವ ಪುಟ್ಟ ಕ್ಯಾಮೆರಾ ಮತ್ತು ಸೆನ್ಸರುಗಳಿರುತ್ತವೆ. ನೆಲದ ಕಲ್ಲು, ಹುಲ್ಲು ಗುರುತಿಟ್ಟುಕೊಂಡು ತಾನು ಕದಲುತ್ತಿಲ್ಲ ಎಂದು ಅದು ಖಚಿತಪಡಿಸಿಕೊಳ್ಳುವುದು ಅವುಗಳಿಂದ. ಕತ್ತಲಲ್ಲಿ ಅವು ಮೊದಲೇ ಅರೆಗುರುಡು. ನನ್ನ ದೀಪ ಒಂದು ಸೆನ್ಸರಿಗೆ ಅಡ್ಡ ಬಂದಿತ್ತು, ಮೇಲಾಗಿ ಪ್ರತಿ ಮಿಂಚಿಗೂ ನೆಲ ಒಮ್ಮೆ ಬೆಳಗಿ ಒಮ್ಮೆ ಕಪ್ಪಾಗುತ್ತಿತ್ತು. ಈಗ ಇಳಿಯುವ ಜಾಗಕ್ಕೆ ಒಂದು ಎಮರ್ಜೆನ್ಸಿ ಲ್ಯಾಂಪ್ ಇಟ್ಟು ಸ್ಥಿರವಾದ ಬೆಳಕು ಕೊಡುತ್ತೇನೆ.

ಬೆನ್ನ ಮೇಲೂ ಎಲ್ಲೆಂದರಲ್ಲಿ ಅಂಟಿಸುವಂತಿಲ್ಲ. ಜಿಪಿಎಸ್ ಆಂಟೆನಾ ಸಾಮಾನ್ಯವಾಗಿ ಮೇಲ್ಭಾಗದಲ್ಲಿ, ಪ್ಲಾಸ್ಟಿಕ್ಕಿನ ಕೆಳಗೆ ಅಡಗಿರುತ್ತದೆ. ಉಪಗ್ರಹದ ಸಂಕೇತ ಬಹಳ ಕ್ಷೀಣ. ಅದರ ನೆತ್ತಿಯ ಮೇಲೆ ಬ್ಯಾಟರಿ ಸಮೇತ ದೀಪ ಕೂರಿಸಿದರೆ ಸಂಕೇತ ತಡೆಯಬಹುದು, ದೀಪದ ಸರ್ಕಿಟ್ಟಿನ ಗದ್ದಲವೂ ಸೇರಿಕೊಳ್ಳಬಹುದು. ಪರೀಕ್ಷೆ ಸುಲಭ: ದೀಪ ಆರಿಸಿ ಪರದೆಯ ಮೇಲೆ ಎಷ್ಟು ಉಪಗ್ರಹ ಕಾಣುತ್ತವೆ ನೋಡಿ, ಹೊತ್ತಿಸಿ ಮತ್ತೆ ನೋಡಿ. ಸಂಖ್ಯೆ ಇಳಿದರೆ ಜಾಗ ಬದಲಿಸಿ. ಆಯಸ್ಕಾಂತದಿಂದ ಕಚ್ಚಿಕೊಳ್ಳುವ ದೀಪ ಬೇಡವೇ ಬೇಡ, ದಿಕ್ಸೂಚಿ ಕೆಡುತ್ತದೆ. ಗಾಳಿ ಆಡುವ ಕಂಡಿ ಮುಚ್ಚಬಾರದು, ಬ್ಯಾಟರಿಯ ಬೀಗಕ್ಕೆ ಅಡ್ಡವಾಗಬಾರದು. ರೆಕ್ಕೆಗಳನ್ನು ಕೈಯಿಂದ ನಿಧಾನ ಒಂದು ಸುತ್ತು ತಿರುಗಿಸಿ, ದೀಪಕ್ಕೆ ತಾಗುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ನಿಂತ ರೆಕ್ಕೆ ಜೋತುಬಿದ್ದಿರುತ್ತದೆ, ಬೆರಳಿನಷ್ಟಾದರೂ ಅಂತರ ಬಿಡಿ. ದೀಪ ಕ್ಯಾಮೆರಾಕ್ಕಿಂತ ಹಿಂದಿರಲಿ, ಇಲ್ಲದಿದ್ದರೆ ಮಂಜು, ಧೂಳಿಗೆ ಬಡಿದ ಬೆಳಕು ನಿಮ್ಮ ವಿಡಿಯೋದಲ್ಲೇ ಮಿಂಚುತ್ತಿರುತ್ತದೆ. ಅಂಟಿಸುವ ಮುಂಚೆ ಜಾಗವನ್ನು ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿ. ಪದೇ ಪದೇ ತೆಗೆಯುವವರಿಗೆ ವೆಲ್ಕ್ರೋ ಒಳ್ಳೆಯದು.

ದೀಪಕ್ಕೆ ಅದರದೇ ಬ್ಯಾಟರಿ ಇರಲಿ. ಡ್ರೋನಿನ ಬ್ಯಾಟರಿ ಕೈಕೊಟ್ಟು ಕಬ್ಬಿನ ಗದ್ದೆಯೊಳಗೆ ಬಿದ್ದರೂ ದೀಪ ಮಿನುಗುತ್ತಲೇ ಇರುತ್ತದೆ, ಹುಡುಕಲು ದಾರಿ ತೋರಿಸುತ್ತದೆ.

ತೂಕದ ವಿಷಯ ಸಣ್ಣದಲ್ಲ. ನಮ್ಮ ಮದುವೆ ಚಿತ್ರೀಕರಣದವರಲ್ಲಿ ಬಹಳ ಮಂದಿಯ ಕೈಯಲ್ಲಿರುವುದು 249 ಗ್ರಾಮಿನ ಡ್ರೋನ್. ಆ ಒಂದು ಗ್ರಾಮ್ ಕಡಿಮೆ ಇರುವುದು ಸುಮ್ಮನೆ ಅಲ್ಲ. ನಮ್ಮ ನಿಯಮದಲ್ಲಿ ಹೊತ್ತ ಭಾರವೂ ಸೇರಿ 250 ಗ್ರಾಮಿನವರೆಗೆ ನ್ಯಾನೋ ವರ್ಗ, ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ನನ್ನ ದೀಪವನ್ನು ವೆಲ್ಕ್ರೋ ಸಮೇತ ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದೆ. 11 ಗ್ರಾಮ್ ಬಂತು. ಅಲ್ಲಿಗೆ ಒಟ್ಟು 260. ಡ್ರೋನ್ ಮೈಕ್ರೋ ವರ್ಗಕ್ಕೆ ಸೇರಿತು. ಹಣ ಪಡೆದು ಹಾರಿಸುವವರಿಗೆ ಆ ವರ್ಗದಲ್ಲಿ ಪ್ರಮಾಣಪತ್ರ ಕಡ್ಡಾಯ. ಸುರಕ್ಷತೆಗಾಗಿ ದೀಪ ಕಟ್ಟಿದವನು ನಿಯಮ ಮುರಿದಂತೆ, ಕಟ್ಟದೆ ಕತ್ತಲಲ್ಲಿ ಹಾರಿಸಿದವನು ಸರಿಯಿದ್ದಂತೆ ಆಗುತ್ತದೆ. ಇದು ಸರಿಯಲ್ಲ. ನಿಯಮ ಮಾಡುವವರು ಸುರಕ್ಷತಾ ದೀಪದ ತೂಕಕ್ಕೆ ವಿನಾಯಿತಿ ಕೊಡಬೇಕು. ಅಲ್ಲಿಯವರೆಗೆ ವೃತ್ತಿಯವರು ಪ್ರಮಾಣಪತ್ರ ಮಾಡಿಸಿಕೊಳ್ಳುವುದೇ ದಾರಿ, ದೀಪ ಬಿಡುವುದಲ್ಲ. ಹಗುರವಾದ ಡ್ರೋನ್ ಏನು ಮಾಡೀತು ಎನ್ನುವವರು 2025ರ ಜನವರಿ 9ರಂದು ಲಾಸ್ ಏಂಜಲೀಸ್‌ನಲ್ಲಿ ನಡೆದದ್ದನ್ನು ನೆನೆಯಲಿ. ಕಾಳ್ಗಿಚ್ಚು ಆರಿಸಲು ಹೊರಟ ವಿಮಾನದ ರೆಕ್ಕೆಯಲ್ಲಿ ಇಂಥದೇ ಪುಟ್ಟ ಡ್ರೋನ್ ಹಾಡುಹಗಲೇ ತೂತು ಮಾಡಿತು. ಬೆಂಕಿ ಉರಿಯುತ್ತಿರುವಾಗಲೇ ಆ ವಿಮಾನ ನೆಲ ಹಿಡಿಯಬೇಕಾಯಿತು.

ದೀಪ ಕಟ್ಟಿದ ಮಾತ್ರಕ್ಕೆ ನಮ್ಮ ಕಣ್ಣಿಗೆ ಕತ್ತಲು ಕಡಿಮೆಯಾಗುವುದಿಲ್ಲ. ದೀಪವೊಂದೇ ಕಂಡಾಗ ಡ್ರೋನ್ ಎಷ್ಟು ದೂರವಿದೆ, ಎತ್ತ ಮುಖ ಮಾಡಿದೆ ಎಂಬುದು ತಿಳಿಯುವುದಿಲ್ಲ. ವಿಮಾನದಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಹಸಿರು. ಹಲವು ಡ್ರೋನುಗಳಲ್ಲಿ ಮುಂದೆ ಕೆಂಪು, ಹಿಂದೆ ಹಸಿರು. ಎರಡನ್ನೂ ಕಲಸಿಕೊಂಡರೆ ಹತ್ತಿರ ಬರುತ್ತಿರುವುದನ್ನು ದೂರ ಹೋಗುತ್ತಿದೆ ಎಂದು ತಿಳಿಯುತ್ತೀರಿ. ಕಪ್ಪು ಆಕಾಶದಲ್ಲಿ ಒಂದೇ ಚುಕ್ಕಿಯನ್ನು ದಿಟ್ಟಿಸುತ್ತ ನಿಂತರೆ ಕದಲದ ದೀಪವೂ ತೇಲಿದಂತೆ ಕಾಣುತ್ತದೆ. ಇದು ಪೈಲಟ್‌ಗಳನ್ನೂ ಮೋಸಗೊಳಿಸುವ ಭ್ರಮೆ. ಆಗಾಗ ದೃಷ್ಟಿ ಸರಿಸಬೇಕು, ಚುಕ್ಕಿಯನ್ನು ನೇರ ನೋಡದೆ ಸ್ವಲ್ಪ ಪಕ್ಕಕ್ಕೆ ನೋಡಬೇಕು. ಕತ್ತಲಲ್ಲಿ ಚುರುಕಾಗಿರುವುದು ಕಣ್ಣಿನ ಅಂಚಿನ ಕೋಶಗಳು. ಅವು ಕತ್ತಲಿಗೆ ಪೂರ್ತಿ ಒಗ್ಗಲು ಅರ್ಧ ಗಂಟೆ ಹಿಡಿಯುತ್ತದೆ, ಫೋನಿನ ಪರದೆಯ ಒಂದು ನೋಟಕ್ಕೆ ಆ ಶ್ರಮವೆಲ್ಲ ನೀರುಪಾಲು. ಪರದೆಯ ಬೆಳಕು ತಗ್ಗಿಸಿ. ಸ್ಟ್ರೋಬನ್ನು ಕೈಯಲ್ಲಿ ಹಿಡಿದು ಹೊತ್ತಿಸಿ ನೋಡಬೇಡಿ, ಡ್ರೋನ್ ನೆಲದ ಮೇಲಿಟ್ಟು ಹಿಂದೆ ಸರಿದ ಮೇಲೆ ಹಾರಿಸಿ. ವಿದ್ಯುತ್ ತಂತಿ, ತೆಂಗಿನ ಮರ, ಮೊಬೈಲ್ ಟವರ್‌ನ ಬಿಗಿತಂತಿಗಳು ಇವ್ಯಾವುವೂ ರಾತ್ರಿ ಕಾಣುವುದಿಲ್ಲ. ಹಗಲಲ್ಲಿ ಬಂದು ಜಾಗ ಸುತ್ತಿ ನೋಡದೆ ರಾತ್ರಿ ಹಾರಿಸಬೇಡಿ. ನಮ್ಮ ಕಡೆ ಸೂರ್ಯ ಮುಳುಗಿ 20–25 ನಿಮಿಷಕ್ಕೆಲ್ಲ ಕತ್ತಲು ಕವಿಯುತ್ತದೆ. ಧಾರೆ ಮಂಟಪದ ಮೇಲೆ ಸಂಜೆ ಹಾರಿಸಿದ ಡ್ರೋನ್ ಇಳಿಯುವ ಹೊತ್ತಿಗೆ ರಾತ್ರಿಯಾಗಿರುತ್ತದೆ.

ದೀಪದ ಡಬ್ಬಿಯ ಮೇಲೆ ‘3 ಮೈಲಿ’ ಎಂದು ಅಚ್ಚಾಗಿರುತ್ತದೆ. ಅಮೆರಿಕದ ಇಲಾಖೆ ಯಾವ ದೀಪಕ್ಕೂ ಮುದ್ರೆ ಒತ್ತಿ ಕೊಡುವುದಿಲ್ಲ, ಕಾಣುತ್ತದೆಯೇ ಎಂದು ಖಚಿತಪಡಿಸಿಕೊಳ್ಳುವ ಹೊಣೆ ಹಾರಿಸುವವರದೇ. ನಾನು ಎರಡು ದೀಪ ತರಿಸಿ ಒಂದು ಅಮಾವಾಸ್ಯೆಯ ಆಸುಪಾಸಿನಲ್ಲಿ ಪರೀಕ್ಷೆ ಮಾಡಿದೆ. ಮನೆಯ ತಾರಸಿ ಮೇಲೆ ಬಿದಿರಿನ ಗಳುವಿನ ತುದಿಗೆ ದೀಪ ಕಟ್ಟಿ ಅಣ್ಣನ ಮಗನನ್ನು ಕಾವಲಿಗೆ ನಿಲ್ಲಿಸಿ, ಬೈಕ್ ಹತ್ತಿ ನಾಲೆ ಏರಿಯ ಮೇಲೆ ಹೊರಟೆ. ಒಂದೊಂದು ಕಿಲೋಮೀಟರಿಗೂ ನಿಂತು ಹೆಡ್‌ಲೈಟ್ ಆರಿಸಿ ಹಿಂತಿರುಗಿ ನೋಡುವುದು. “ಚಿಕ್ಕಪ್ಪ, ಕಾಣ್ತಾ ಇದ್ಯಾ?” ಎಂದು ಅವನು ಫೋನಿನಲ್ಲಿ ಕೇಳುತ್ತಲೇ ಇದ್ದ. ಅಗ್ಗದ ದೀಪ ಎರಡನೇ ಕಿಲೋಮೀಟರಿಗೇ ಊರಿನ ಬೀದಿದೀಪಗಳಲ್ಲಿ ಕರಗಿಹೋಯಿತು. ಇನ್ನೊಂದು ದೀಪ ಮೂರು ಕಿ.ಮೀ. ದಾಟಿದ ಮೇಲೆ ಕಾಣಲಿಲ್ಲ. ಗಳುವನ್ನು ನನ್ನ ಕಡೆಗೆ ಬಾಗಿಸು ಎಂದೆ. ಬಾಗಿಸಿದ ಕೂಡಲೇ ಬಿಳಿ ಮಿಂಚು ಎದ್ದು ಕಂಡಿತು. ಅದರ ಕಣ್ಣು ಆಕಾಶಕ್ಕಿತ್ತು, ಅಷ್ಟೇ. ಮರುದಿನ ಅದನ್ನು ಬದಲಿಸಿ ನಾಲ್ಕು ಕಡೆಗೂ ಎಲ್‌ಇಡಿ ಇರುವುದನ್ನು ತರಿಸಿಕೊಂಡೆ. ಅದು 4.8 ಕಿ.ಮೀ. ದೂರದ ತೂಬಿನ ಕಟ್ಟೆಯ ಮೇಲೆ ನಿಂತ ನನಗೆ ಗಳು ನೆಟ್ಟಗೆ ನಿಂತಾಗಲೂ ಕಂಡಿತು.

ನೀವೂ ದೀಪ ಕೊಂಡಿದ್ದರೆ ಡ್ರೋನಿಗೆ ಅಂಟಿಸುವ ಮುಂಚೆ ಒಂದು ರಾತ್ರಿ ಇಷ್ಟು ಮಾಡಿ. ಅದನ್ನು ಮನೆಯ ಮೇಲೆ ಹೊತ್ತಿಸಿಟ್ಟು, 4.8 ಕಿ.ಮೀ. ದೂರ ಹೋಗಿ, ಎದುರು ಬರುವವರ ಜಾಗದಲ್ಲಿ ನಿಂತು ನೋಡಿ.